ನಲವತ್ತು ಕುದುರೆಗಳ ಬಾಲ

ಕಾಜಮ್ಮನಿಗೆ ಆ ಮೇಜಿನ ಹತ್ತಿರ ಕುರ್ಚಿ ಇರಲಿಲ್ಲ.

ಹಾಗೆಂದು ಮನೆಯಲ್ಲಿ ಕುರ್ಚಿಗೆ ಬರವಿತ್ತು ಅಂತಲ್ಲ. ಊಟದ ಮೇಜಿನ ಸುತ್ತ ನಾಲ್ಕಿದ್ದವು. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳಲು ಒಂದು ಗಿಡ್ಡ ಸ್ಟೂಲಿತ್ತು. ಆದರೆ ನಡುಮನೆಯ ಕಿಟಕಿಗೆ ಒತ್ತಿ ಹಾಕಿದ್ದ ಉದ್ದನೆಯ ಮೇಜಿಗೆ ಇದ್ದದ್ದು ಒಂದೇ ಕುರ್ಚಿ, ಅದು ಗಂಡನದು. ಮದುವೆಯಾಗಿ ಮೂವತ್ತೊಂದು ವರ್ಷ ಅವಳು ಆ ಮೇಜಿನ ಕೆಳಗೆ ಗುಡಿಸಿದ್ದಳು, ಒರೆಸಿದ್ದಳು, ಅದರ ಅಂಚಿನಲ್ಲಿ ಚಹಾ ಇಟ್ಟು, ಆರಿ ತಣ್ಣಗಾದ ಮೇಲೆ ಅದನ್ನೇ ಎತ್ತಿಕೊಂಡು ಹೋಗಿದ್ದಳು. ಕೂತಿರಲಿಲ್ಲ.

ಕಾಜಮ್ಮ ಅನ್ನುವುದು ದರ್ಜಿ ಅಂಗಡಿಯವರು ಇಟ್ಟ ಹೆಸರು. ಅಂಗಡಿಯಲ್ಲಿ ಹೊಲಿದ ಅಂಗಿಗಳು ದಿನಾ ಬೆಳಿಗ್ಗೆ ಗಂಟು ಕಟ್ಟಿ ಅವಳ ಮನೆಗೆ ಬರುತ್ತಿದ್ದವು. ಅವಳು ಗುಂಡಿ ತೂರಿಸುವ ಕಾಜಾ ಕತ್ತರಿಸಿ, ಅಂಚು ಸುತ್ತಿ, ಗುಂಡಿ ಹಾಕಿ ಸಂಜೆಗೆ ವಾಪಸು ಕಳಿಸುತ್ತಿದ್ದಳು. ಈಚೆಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವಳನ್ನು ಕೂಗಬೇಕಾಗುತ್ತಿತ್ತು. ಆದರೆ ಒಮ್ಮೆ ಪೋಣಿಸಿದರೆ ಬೆರಳುಗಳಿಗೆ ಕಣ್ಣಿನ ಹಂಗಿರಲಿಲ್ಲ.

ಗಂಡನಿಗೆ ಬೀದಿಯವರು ಇಟ್ಟ ಹೆಸರು ಸೇನಾಪತಿ. ಅವನು ಯಾವ ಸೈನ್ಯವನ್ನೂ ಕಂಡವನಲ್ಲ. ಮೂವತ್ತಾರು ವರ್ಷ ಒಂದು ಪ್ರೆಸ್ಸಿನಲ್ಲಿ ನಿಂತುಕೊಂಡು ಸೀಸದ ಅಕ್ಷರ ಜೋಡಿಸಿದವನು. ಸವೆದ ಅಕ್ಷರಗಳನ್ನು ಮಾಲೀಕರಿಂದ ಕೇಳಿ ತಂದು, ಹಿತ್ತಲಲ್ಲಿ ಕರಗಿಸಿ, ತಾನೇ ಮಾಡಿದ ಗಾರೆಯ ಅಚ್ಚಿಗೆ ಹೊಯ್ದು, ಹೆಬ್ಬೆರಳಿನಷ್ಟು ಎತ್ತರದ ಸವಾರರನ್ನೂ ಕುದುರೆಗಳನ್ನೂ ಮಾಡುತ್ತಿದ್ದ. ಆಮೇಲೆ ಬಣ್ಣ. ಒಂದು ಕುದುರೆಗೆ ಒಂದು ತಿಂಗಳು ಹಿಡಿದದ್ದೂ ಉಂಟು, ಒಂದು ವರ್ಷ ಹಿಡಿದದ್ದೂ ಉಂಟು.

ಅವನ ತಲೆಯಲ್ಲಿ ಇದ್ದದ್ದು ಒಂದೇ ಯುದ್ಧ. ಪ್ರಾಯದಲ್ಲಿ ಅವನು ಅಕ್ಷರ ಜೋಡಿಸಿದ ದಪ್ಪನೆಯ ಯುದ್ಧ ಚರಿತ್ರೆಯೊಂದರ ಹನ್ನೊಂದನೆಯ ಅಧ್ಯಾಯ ಅದು. ಸೋತ ಸೈನ್ಯವೊಂದು ಮರದ ಸೇತುವೆ ದಾಟಿ ಹಿಂದೆ ಸರಿಯುತ್ತದೆ. ಅಟ್ಟಿಸಿಕೊಂಡು ಬಂದವರನ್ನು ತಡೆಯಲು ನಲವತ್ತು ಸವಾರರು ಈಚೆ ದಡದಲ್ಲೇ ಉಳಿಯುತ್ತಾರೆ. ಎಲ್ಲರದೂ ಕಪ್ಪು ಕುದುರೆ. ಅಧ್ಯಾಯದ ಕೊನೆಗೆ ಹೋದದ್ದರ ಲೆಕ್ಕ ಮಾತ್ರ: ಜನ ಇಷ್ಟು, ಕುದುರೆ ಇಷ್ಟು, ಫಿರಂಗಿ ಇಷ್ಟು. ಒಂದು ವಿಶೇಷಣ ಇಲ್ಲ, ಒಂದು ಅಯ್ಯೋ ಇಲ್ಲ. ಆ ಪುಟವನ್ನು ಜೋಡಿಸಿದ ದಿನ ತಾನು ಊಟ ಬಿಟ್ಟೆ ಎಂದು ಅವನು ಹೇಳುತ್ತಿದ್ದ. ಅಂದಿನಿಂದ ಹಳೆಯ ಬಾಗಿಲೊಂದರ ಹಲಗೆಯ ಮೇಲೆ ಆ ಸೇತುವೆ ಎದ್ದು ನಿಂತಿತ್ತು. ಬೇಕಾದದ್ದು ನಲವತ್ತು ಕುದುರೆ. ಆದದ್ದು ಇಪ್ಪತ್ತಾರು.

ಈ ಇಪ್ಪತ್ತಾರು ಕುದುರೆಗಳ ಬಾಲವೂ ಕಾಜಮ್ಮನ ಕೂದಲು.

ಮದುವೆಯಾದ ಎರಡನೆಯ ತಿಂಗಳು. ಅವಳು ಕಿಟಕಿಯ ಬಳಿ ತಲೆ ಬಾಚಿಕೊಂಡು, ಬಾಚಣಿಗೆಗೆ ಸುತ್ತಿದ ಕೂದಲನ್ನು ಉಂಡೆ ಮಾಡಿ ಹೊರಗೆ ಎಸೆಯುವುದರಲ್ಲಿದ್ದಳು. ಅವನು ಹಿಂದಿನಿಂದ ಬಂದು ಕೈ ಚಾಚಿದ. "ಆ ಕೂದಲು ಎಸೀಬೇಡ." ಅಷ್ಟೇ. ಅವನು ಅವಳಿಂದ ಏನನ್ನಾದರೂ ಕೇಳಿ ತೆಗೆದುಕೊಂಡದ್ದು ಅದೇ ಮೊದಲು. ಆ ದಿನದಿಂದ ಅವಳು ಖಾಲಿ ಪೌಡರ್ ಡಬ್ಬಿಯೊಂದರಲ್ಲಿ ಬಾಚಣಿಗೆಯ ಕೂದಲನ್ನು ಕೂಡಿಡುತ್ತ ಬಂದಳು. ಒಮ್ಮೆ, ಮಗ ಇನ್ನೂ ತೊಟ್ಟಿಲಲ್ಲಿದ್ದಾಗ, "ಒಬ್ಬ ಸವಾರನ ಅಂಗಿಗೆ ನಾನು ಬಣ್ಣ ಹಚ್ಚಲಾ?" ಎಂದು ಕೇಳಿದ್ದಳು. ಅವನು ತಲೆ ಎತ್ತದೆ, "ಇದು ಕಾಜಾ ಹಾಕಿದ ಹಾಗಲ್ಲ ಕಣೇ" ಅಂದಿದ್ದ. ಅವಳು ಮತ್ತೆ ಕೇಳಲಿಲ್ಲ.

ಪ್ರೆಸ್ಸು ಮುಚ್ಚಿ ಮೂರು ವರ್ಷವಾಗಿತ್ತು. ಅವನ ಕೈ ನಡುಗಲು ಶುರುವಾಗಿ ಎರಡು. ಕುದುರೆಗಳು ಇಪ್ಪತ್ತಾರಕ್ಕೆ ನಿಂತು ಹೋಗಿದ್ದವು. ಅಷ್ಟರಲ್ಲಿ ಮಗನ ಮದುವೆಯಾಯಿತು.

ಮಗ ಫ್ರಿಜ್ ರಿಪೇರಿಯವನು. ಸೊಸೆ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಂತವೈದ್ಯರು ಕಳಿಸಿದ ಅಳತೆಗೆ ಮೇಣದಲ್ಲಿ ಹಲ್ಲು ಕೆತ್ತಿ, ಒಸಡಿನ ಬಣ್ಣ ಕೂಡಿಸುವ ಕೆಲಸ. ಬಂದ ಮೂರನೆಯ ಭಾನುವಾರ, ಮೇಜಿನ ಪಕ್ಕ ಹಾದು ಹೋಗುತ್ತಿದ್ದವಳು ನಿಂತು, ಒಬ್ಬ ಸವಾರನಿಗೆ ಮೂಗು ಹತ್ತಿರ ಹಿಡಿದು ನೋಡಿದಳು.

"ಮಾವ, ಈ ಅಧಿಕಾರಿಗೆ ಹಲ್ಲುನೋವಾ?"

ಕಾಜಮ್ಮ ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟಳು. ಆ ಮೇಜಿನ ಬಗ್ಗೆ ಯಾರೂ ತಮಾಷೆ ಮಾಡಿದ್ದಿಲ್ಲ. ಮಗ ಚಿಕ್ಕವನಿದ್ದಾಗ ಒಂದು ಸಲ ಮಾಡಿ ಕಪಾಳಕ್ಕೆ ತಿಂದಿದ್ದ.

ಸೇನಾಪತಿ ಕನ್ನಡಕ ತೆಗೆದ. "ಯಾಕೆ?"

"ಕೆನ್ನೆ ಒಂದು ಕಡೆ ಊದಿದೆ. ಬಣ್ಣ ದಪ್ಪ ಆಗಿದೆ ಅಲ್ಲಿ. ನಮ್ಮಲ್ಲಿ ಹೀಗೆ ಮಾಡಿದ್ರೆ ಡಾಕ್ಟ್ರು ವಾಪಸ್ ಎಸೀತಾರೆ."

ಅವನು ನಕ್ಕುಬಿಟ್ಟ. ಹೊಟ್ಟೆ ಕುಲುಕಿಸಿ ನಕ್ಕ. "ಕೈ ನಡುಗುತ್ತೆ ಮಗು. ನೀನು ಸರಿ ಮಾಡ್ತೀಯಾ?"

"ಕೊಡಿ ನೋಡೋಣ" ಎಂದು ಸೊಸೆ ಸುತ್ತ ನೋಡಿ, ಊಟದ ಮೇಜಿನಿಂದ ಕೈಗೆ ಸಿಕ್ಕ ಒಂದು ಕುರ್ಚಿಯನ್ನು ಎಳೆದುಕೊಂಡು ಹೋಗಿ ಕೂತಳು.

ಅಡುಗೆಮನೆಯ ಬಾಗಿಲಿಗೆ ಹತ್ತಿರವಿದ್ದ ಕುರ್ಚಿ ಅದು. ಕಾಜಮ್ಮನದು.

ಅಂದು ಮಧ್ಯಾಹ್ನ ಕುರ್ಚಿ ವಾಪಸು ಬರಲಿಲ್ಲ. ಸೊಸೆ ಊಟಕ್ಕೆ ತನ್ನ ಕುರ್ಚಿಯಲ್ಲಿ ಕೂತಳು, ಗಂಡಸರು ಅವರವರ ಕುರ್ಚಿಯಲ್ಲಿ ಕೂತರು. ಕಾಜಮ್ಮ ಬಾಗಿಲ ಬಳಿಯ ಗಿಡ್ಡ ಸ್ಟೂಲನ್ನು ತಂದುಕೊಂಡಳು. ಮೇಜಿನ ಅಂಚು ಅವಳ ಎದೆಯ ಮಟ್ಟಕ್ಕೆ ಬರುತ್ತಿತ್ತು.

"ಏನಮ್ಮ, ಚಿಕ್ಕ ಮಗು ಹಾಗೆ ಕೂತಿದೀಯಾ" ಅಂದ ಮಗ.

"ವಯಸ್ಸಾದ ಹಾಗೆ ಕುಳ್ಳಿ ಆಗ್ತಿದೀನಿ. ನೀನು ಉಣ್ಣು."

ಸೊಸೆ ತಟ್ಟನೆ ಎದ್ದಳು. "ಅಯ್ಯೋ ಅತ್ತೆ, ನಿಮ್ಮ ಕುರ್ಚಿ ಅಲ್ಲೇ ಉಳೀತು. ತರ್ತೀನಿ."

"ಬೇಡ. ಇರಲಿ ಬಿಡು. ಮತ್ತೆ ಹೋಗಿ ಕೂರಬೇಕಲ್ಲ ನೀನು."

ಸೇನಾಪತಿ ಆಲೂಗಡ್ಡೆ ಬಡಿಸಿಕೊಳ್ಳುತ್ತ, "ಅಲ್ಲೇ ಇರಲಿ, ಅದು ಸರಿಯಾದ ಎತ್ತರ ಇದೆ" ಅಂದ. ಕುರ್ಚಿ ಅಲ್ಲೇ ಉಳಿಯಿತು.

ಮುಂದಿನ ವಾರದಿಂದ ಮನೆಯ ಗಡಿಯಾರವೇ ಬೇರೆಯಾಯಿತು. ಸೊಸೆ ಐದೂವರೆಗೆ ಬರುವಳು, ಕೈಕಾಲು ತೊಳೆದು ಮೇಜಿಗೆ ಹೋಗುವಳು. ಲ್ಯಾಬಿನಿಂದ ಮೇಣದ ಚಾಕು, ಇರುವೆಯ ಮೀಸೆಯಷ್ಟು ಸಣ್ಣ ಕುಂಚ, ಹಲ್ಲಿನ ಅಚ್ಚಿಗೆ ಬಳಸುವ ಗಾರೆ ತಂದಳು. ಆ ಗಾರೆಯಲ್ಲಿ ಕುದುರೆಯ ಹಲ್ಲೂ ಮೂಡುತ್ತಿತ್ತು. ಸೇನಾಪತಿ ಅಚ್ಚು ಬಿಡಿಸಿ ಬೆಳಕಿಗೆ ಹಿಡಿದು, "ನೋಡೇ ಇಲ್ಲಿ, ಹಲ್ಲು!" ಎಂದು ಕೂಗುವನು. ಕಾಜಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರೆ, ಅವನು ಕೂಗಿದ್ದು ಅವಳನ್ನಲ್ಲ.

ಅವನು ಗಡ್ಡ ದಿನಾ ಹೆರೆಯತೊಡಗಿದ. ಬೆಳಿಗ್ಗೆ ಬೇಗ ಎದ್ದು ಹಿತ್ತಲಲ್ಲಿ ಸೀಸ ಕರಗಿಸಿದ. ಚಹಾ ಬಿಸಿಯಿರುವಾಗಲೇ ಕುಡಿದ. ಮೂವತ್ತೊಂದು ವರ್ಷ ಆರಿದ ಚಹಾ ಎತ್ತಿದವಳು ಈಗ ಖಾಲಿ ಲೋಟ ಎತ್ತಿದಳು.

ಒಂದು ಸಂಜೆ ಊಟದ ನಡುವೆ ಸೊಸೆ ಕೇಳಿದಳು. "ಮಾವ, ಆ ನಲವತ್ತು ಜನ ಯಾಕೆ ಓಡಿಹೋಗಲಿಲ್ಲ? ನಾನಾಗಿದ್ರೆ ಮೊದಲು ಕಾಲು ಕೀಳ್ತಿದ್ದೆ."

ಸೇನಾಪತಿ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ಸ್ಟೂಲಿನ ಕಡೆಯಿಂದ ಉತ್ತರ ಬಂತು.

"ಸೇತುವೆ ಕಡಿಯೋದಕ್ಕೆ ಬಡಗಿಗಳಿಗೆ ಒಂದು ಗಂಟೆ ಬೇಕಿತ್ತು. ಕೊಡಲಿ ಹನ್ನೆರಡೇ ಇದ್ದದ್ದು. ಅಷ್ಟು ಹೊತ್ತು ತಡೀಬೇಕಿತ್ತು ಅವರು."

ಮೂವರೂ ತಿರುಗಿ ನೋಡಿದರು.

"ನಿಂಗೆ ಹೇಗೆ ಗೊತ್ತು?" ಅಂದ ಗಂಡ.

"ಮೂವತ್ತೊಂದು ವರ್ಷ ಬೇರೆ ಮನೇಲಿದ್ನಾ?"

ಮಗ ನಕ್ಕ. "ಅಪ್ಪ, ಶತ್ರುಪಾಳಯದಲ್ಲಿ ಗೂಢಚಾರರಿದಾರೆ, ಹುಷಾರು."

ಸೇನಾಪತಿಯೂ ಸ್ವಲ್ಪ ನಕ್ಕ. ಆಮೇಲೆ ಸೊಸೆಯ ಕಡೆಗೆ ತಿರುಗಿ, ಕೊಡಲಿ ಹನ್ನೆರಡೇ ಯಾಕೆ ಇದ್ದವು ಅನ್ನುವುದನ್ನು ಮೊದಲಿನಿಂದ ಹೇಳತೊಡಗಿದ. ಕಾಜಮ್ಮನಿಗೆ ಅದೂ ಗೊತ್ತಿತ್ತು. ಯಾರೂ ಕೇಳಲಿಲ್ಲ.

ಮರುದಿನ ಪಾತ್ರೆಗಳ ಮೇಲೆ ಜಗಳವಾಯಿತು.

"ಅಮ್ಮಾ ತಾಯಿ, ನಿನ್ನ ದಂಡಯಾತ್ರೆ ಮುಗಿದಿದ್ರೆ ಈ ಬಾಣಲೆ ಕಡೆ ಸ್ವಲ್ಪ ನೋಡ್ತೀಯಾ?"

"ಬಂದೆ ಅತ್ತೆ, ಒಂದು ಕಣ್ಣು ಬಿಡಿಸಿ ಬರ್ತೀನಿ. ಬಣ್ಣ ಒಣಗಿ ಹೋಗುತ್ತೆ."

"ಬಾಣಲೆನೂ ಒಣಗುತ್ತೆ. ಸೊಸೆ ತಂದದ್ದು ಮನೆಗೆ. ಸೈನ್ಯಕ್ಕೆ ಭರ್ತಿ ಮಾಡೋಕಲ್ಲ."

ಸೊಸೆ ಎದ್ದು ಬಂದು ಬಾಣಲೆ ಉಜ್ಜಿದಳು. ಉಜ್ಜುತ್ತ, ಮೆಲ್ಲಗೆ ಅಂದಳು: "ಅತ್ತೆ, ನೀವೂ ಬನ್ನಿ ಮೇಜಿಗೆ. ನಿಮ್ಮ ಕೈ ನನಗಿಂತ ನಯ. ಕಾಜಾ ನೋಡಿದೀನಲ್ಲ."

"ನೀನು ಕರೆದ ಮೇಲೆ ನಾನು ನನ್ನ ಗಂಡನ ಹತ್ತಿರ ಹೋಗಿ ಕೂರಬೇಕಾ?"

ಸೊಸೆ ಬಾಣಲೆ ತೊಳೆದು ಬೋರಲು ಹಾಕಿದಳು. ಮಗ ಒಳಗಿನಿಂದ, "ನನಗೂ ಮದುವೆ ಆಗಿದೆ ಅಂತ ಈ ಮನೇಲಿ ಯಾರಿಗಾದ್ರೂ ನೆನಪಿದೆಯಾ?" ಎಂದು ಕೂಗಿದ. ಅದು ತಮಾಷೆ ಎಂದು ಇಬ್ಬರೂ ಅಂದುಕೊಂಡರು.

ಮೂರನೆಯ ತಿಂಗಳಿಗೆ ಹೊಸ ಹದಿನಾಲ್ಕು ಕುದುರೆಗಳೂ ಬಣ್ಣವಾಗಿ ನಿಂತವು. ಬಾಲವಿಲ್ಲ. ಪ್ರತಿಯೊಂದರ ಹಿಂದೆಯೂ ಸೂಜಿ ಹೋಗುವಷ್ಟು ತೂತು. ಕಾಜಮ್ಮ ಈ ದಿನಕ್ಕಾಗಿಯೇ ಕಾದಿದ್ದಳು. ಪೌಡರ್ ಡಬ್ಬಿಯನ್ನು ಒರೆಸಿ ಮೇಜಿನ ಮೇಲೆ ತಂದಿಟ್ಟಳು.

ಸೇನಾಪತಿ ಮುಚ್ಚಳ ತೆಗೆದು ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದ. ತಿರುಗಿಸಿ ನೋಡಿದ.

"ಬೂದಿ ಬಣ್ಣ ಬಂದುಬಿಟ್ಟಿದೆಯಲ್ಲೇ."

"ಎರಡು ವರ್ಷ ಆಯ್ತಲ್ಲ ನೀವು ಕೇಳಿ."

"ಆ ದಳದ ಕುದುರೆ ಎಲ್ಲ ಕಪ್ಪು. ಪುಸ್ತಕದಲ್ಲಿ ಸ್ಪಷ್ಟ ಇದೆ."

"ಬಣ್ಣ ಹಚ್ಚಿ. ಅಷ್ಟು ಬಣ್ಣ ಇದೆಯಲ್ಲ."

"ಬಣ್ಣ ಹಚ್ಚಿದ್ರೆ ಎಳೆ ಎಳೆ ಅಂಟಿಕೊಳ್ಳುತ್ತೆ. ಬಾಲ ಹೋಗಿ ಪೊರಕೆ ಕಡ್ಡಿ ಆಗುತ್ತೆ." ಅವನು ಡಬ್ಬಿಯ ಮುಚ್ಚಳ ಹಾಕಿ ಅವಳ ಕೈಗೇ ಕೊಟ್ಟ. ಸಿಟ್ಟಿನಿಂದಲ್ಲ. ಅಳತೆ ಸರಿಯಿಲ್ಲದ ಮೊಳೆಯನ್ನು ಖಾನೆಗೆ ವಾಪಸು ಹಾಕಿದ ಹಾಗೆ.

ಎರಡು ದಿನದ ಮೇಲೆ, ರಜೆಯ ಬೆಳಿಗ್ಗೆ, ಸೊಸೆ ಕಿಟಕಿಯ ಬಳಿ ತಲೆ ಬಾಚಿಕೊಳ್ಳುತ್ತಿದ್ದಳು. ಒತ್ತಾದ ಗುಂಗುರು ಕೂದಲು, ಇದ್ದಲಿನಷ್ಟು ಕಪ್ಪು. ಕಾಜಮ್ಮ ಅಂಗಿಗಳ ಗಂಟು ಬಿಚ್ಚುತ್ತಿದ್ದಳು. ಸೇನಾಪತಿ ಮೇಜಿನಿಂದಲೇ ಕೈ ಚಾಚಿದ.

"ಮಗು, ಆ ಕೂದಲು ಎಸೀಬೇಡ."

ಅದೇ ಮಾತು. ಅದೇ ಕಿಟಕಿ. ಕಾಜಮ್ಮನ ಕೈಯಲ್ಲಿ ಅಂಗಿಯ ಕಾಲರು ಮುದ್ದೆಯಾಯಿತು. ಆ ದಿನ ಅವಳು ಹಾಕಿದ ಕಾಜಾಗಳಲ್ಲಿ ಏಳು ವಾಪಸು ಬಂದವು.

ಆಮೇಲೆ ಒಂದು ವಾರ ಅವಳು ಯಾರೊಂದಿಗೂ ಜಗಳವಾಡಲಿಲ್ಲ. ಮೂಲೆ ಅಂಗಡಿಯಿಂದ ತಲೆಗೆ ಹಚ್ಚುವ ಕರಿಬಣ್ಣದ ಪೊಟ್ಟಣ ತಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿಕೊಂಡಳು. ಕಿವಿಯ ಹಿಂದೆ ತುರಿಕೆ ಎದ್ದಿತು. ಉಗುರಿನ ಸಂದಿ ಕಪ್ಪಾಯಿತು.

ಊಟಕ್ಕೆ ಕೂತಾಗ ಮಗ ಶಿಳ್ಳೆ ಹಾಕಿದ. "ಏನಮ್ಮ ಇದು! ನನಗೆ ಹೊಸ ಅಪ್ಪ ಬರ್ತಿದಾರಾ?"

"ಬಾಯ್ ಮುಚ್ಚೋ ಭಂಡ."

"ಚೆನ್ನಾಗಿದೆ ಅತ್ತೆ. ಹತ್ತು ವರ್ಷ ಕಮ್ಮಿ ಆದ್ರಿ" ಅಂದಳು ಸೊಸೆ.

ಸೇನಾಪತಿ ಸೊಸೆಯ ಕಡೆಗೆ ಬಾಗಿ, "ಆ ಹದಿಮೂರನೇ ಕುದುರೆ ಕಿವಿ ನೋಡಿದೆಯಾ, ಒಂದು ಕಿರಿದಾಗಿದೆ" ಅಂದ. ಹೆಂಡತಿಯ ತಲೆ ಅವನ ಕಣ್ಣಿಗೆ ಬೀಳಲೇ ಇಲ್ಲ. ಬಣ್ಣ ಹಚ್ಚಿದ ಕೂದಲನ್ನು ಬಾಚಿ ಬಾಚಿ ಅವಳು ಡಬ್ಬಿ ತುಂಬಿಸಿದಳು. ಮೇಜಿಗೆ ಕೊಂಡೊಯ್ಯುವ ಹೊತ್ತಿಗೆ ತಡವಾಗಿತ್ತು. ಹದಿನಾಲ್ಕು ಕುದುರೆಗಳಿಗೂ ಬಾಲ ಬಂದಿತ್ತು. ನೀಟಾಗಿ, ಕಪ್ಪಗೆ, ನೇರವಾಗಿ ಇಳಿಬಿದ್ದ ಬಾಲ. ಗುಂಗುರನ್ನು ಅಂಟು ಹಾಕಿ ಎಳೆದು ನೇರ ಮಾಡಿದ್ದಾರೆ ಅಂದುಕೊಂಡಳು.

ಪೇಟೆಯ ಗ್ರಂಥಾಲಯದವರು ಸೇತುವೆಯ ಮಾದರಿಯನ್ನು ತಮ್ಮ ಪಡಸಾಲೆಯಲ್ಲಿ ಒಂದು ತಿಂಗಳು ಪ್ರದರ್ಶನಕ್ಕೆ ಇಡಲು ಒಪ್ಪಿದರು. ಮಾತಾಡಿ ಬಂದದ್ದು ಸೊಸೆ. ಅಲ್ಲಿನ ಗ್ರಂಥಪಾಲಕಿಯ ತಾಯಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದಳಂತೆ. ಜಾಗದ ಅಳತೆ ತೆಗೆದುಕೊಳ್ಳಲು ಗುರುವಾರ ಬರಹೇಳಿದರು. ಸೊಸೆ ಅರ್ಧ ದಿನ ರಜೆ ಹಾಕಿದಳು. ಸೇನಾಪತಿ ಇಸ್ತ್ರಿಯ ಅಂಗಿ ಹಾಕಿದ.

"ನೀನೂ ಬರ್ತೀಯೇನೆ?" ಎಂದು ಹೊಸ್ತಿಲ ಆಚೆ ನಿಂತು ಕೇಳಿದ. ಚಪ್ಪಲಿ ಆಗಲೇ ಹಾಕಿಕೊಂಡಿದ್ದ.

"ನಾನು ಬಂದು ಏನು ಮಾಡಲಿ? ಅಂಗಿ ಮೂವತ್ತು ಬಿದ್ದಿವೆ."

"ಸರಿ ಹಾಗಾದ್ರೆ."

ಎರಡನೆಯ ಸಲ ಕೇಳಲಿಲ್ಲ.

ಬಾಗಿಲು ಹಾಕಿಕೊಂಡು ಬಂದವಳು ಮೇಜಿನ ಮುಂದೆ ನಿಂತಳು. ಮೂಲೆಯಲ್ಲಿ ಹಿತ್ತಾಳೆಯ ಅಳತೆಪಟ್ಟಿಯೊಂದರಲ್ಲಿ ಅವನು ಸೀಸದ ಅಕ್ಷರಗಳನ್ನು ಜೋಡಿಸಿ ದಾರ ಕಟ್ಟಿಟ್ಟಿದ್ದ. ಮಾದರಿಯ ಮುಂದೆ ಇಡುವ ಚೀಟಿ. ಮಸಿ ಹಚ್ಚಿ ಒತ್ತುವುದೊಂದೇ ಬಾಕಿ. ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಹೊರಗಿನವರಿಗೆ ಅದು ಬರೀ ಕೊಕ್ಕೆ, ಸುರುಳಿ. ಆದರೆ ಮೂವತ್ತೊಂದು ವರ್ಷ ಆ ಮೇಜು ಒರೆಸಿದವಳಿಗೆ ತಿರುಗಿದ ಅಕ್ಷರ ಓದಲು ಬರುತ್ತಿತ್ತು. ಯಾರೂ ಕಲಿಸಿರಲಿಲ್ಲ, ಅದು ಯಾರಿಗೂ ಗೊತ್ತೂ ಇರಲಿಲ್ಲ.

ಮೊದಲ ಸಾಲು ಸೇತುವೆಯ ಯುದ್ಧದ ಹೆಸರು. ಎರಡನೆಯದು: ತಯಾರಿಸಿದವರು. ಮೂರನೆಯ ಸಾಲಿನಲ್ಲಿ ಗಂಡನ ಹೆಸರು. ನಾಲ್ಕನೆಯದರಲ್ಲಿ ಸೊಸೆಯದು. ಐದನೆಯ ಸಾಲು ಇರಲಿಲ್ಲ. ಅವಳು ಪಟ್ಟಿಯ ಹಿಂದೆ, ದಾರದ ಕೆಳಗೆ, ಪಕ್ಕದ ಖಾನೆಯಲ್ಲಿ ಎಲ್ಲ ಹುಡುಕಿದಳು. ಇರಲಿಲ್ಲ.

ಕಾಜಾ ಕತ್ತರಿ ಕೊರಳಿನ ದಾರದಲ್ಲೇ ನೇತಾಡುತ್ತಿತ್ತು.

ಅವಳಿಗೆ ಹಾಳು ಮಾಡುವ ಮನಸ್ಸಿರಲಿಲ್ಲ, ಅಥವಾ ಹಾಗೆಂದು ಆಮೇಲೆ ಹೇಳಿಕೊಂಡಳು. ಹೊಸ ಹದಿನಾಲ್ಕರ ಬಾಲ ತೆಗೆದು ತನ್ನದನ್ನು ಹಾಕುವುದು, ಅಷ್ಟೇ. ನೋಡಲು ಏನೂ ಬದಲಾಗುವುದಿಲ್ಲ. ನಲವತ್ತೂ ತನ್ನವೇ ಆಗುತ್ತವೆ. ಅವಳು ನಿಂತುಕೊಂಡೇ ಕೆಲಸ ಶುರುಮಾಡಿದಳು. ಅಲ್ಲಿದ್ದ ಎರಡು ಕುರ್ಚಿಗಳಲ್ಲಿ ಒಂದು ಅವಳದೇ ಅನ್ನುವುದು ಹೊಳೆಯಲಿಲ್ಲ.

ಬಾಲ ಕತ್ತರಿಸುವುದು ಸುಲಭವಾಯಿತು. ಕಾಜಾಕ್ಕಿಂತ ಸುಲಭ. ಹದಿನಾಲ್ಕನ್ನೂ ಬುಡಕ್ಕೆ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದಳು. ತೊಂದರೆ ಬಂದದ್ದು ಆಮೇಲೆ. ತೂತಿನೊಳಗೆ ಅಂಟು ಕಲ್ಲಾಗಿತ್ತು. ಸೂಜಿಯಿಂದ ಕೆದಕಲು ಕುದುರೆಯನ್ನು ಬಿಗಿಯಾಗಿ ಹಿಡಿಯಬೇಕು. ಅಕ್ಷರದ ಸೀಸ ಬಗ್ಗುವ ಜಾತಿಯದಲ್ಲ. ಮೊದಲ ಕಾಲು ಚಟ್ ಎಂದು ಮುರಿಯಿತು. ಅದನ್ನು ಬದಿಗಿಟ್ಟು ಇನ್ನೊಂದನ್ನು ಮೆತ್ತಗೆ ಹಿಡಿದಳು, ಸೂಜಿ ಜಾರಿತು. ಬಿಗಿಯಾಗಿ ಹಿಡಿದಳು, ಮುರಿಯಿತು. ಕಣ್ಣು ಮಂಜಾಗುತ್ತ ಬಂತು. ಮೊಣಕೈ ತಾಗಿ ಸೇತುವೆಯ ಕಟಕಟೆ ಒಂದು ಗೇಣು ನದಿಗೆ ಬಿತ್ತು. ಮೂರು ಕುದುರೆಗೆ ಹೇಗೋ ತನ್ನ ಕೂದಲು ತುರುಕಿದಳು. ಬೆವರಿನ ಬೆರಳಿಗೆ ಕರಿಬಣ್ಣ ಬಿಟ್ಟು ಸವಾರರ ಬಿಳಿ ಷರಾಯಿಗಳ ಮೇಲೆ ಹೆಬ್ಬೆಟ್ಟಿನ ಗುರುತು ಮೂಡಿತು. ಒರೆಸಿದರೆ ಇನ್ನೂ ಹರಡಿತು.

ಅವಳು ಎಲ್ಲವನ್ನೂ ಹಾಗೇ ಬಿಟ್ಟು ಅಂಗಿಗಳ ಮುಂದೆ ಹೋಗಿ ಕೂತಳು. ಒಂದು ಗುಂಡಿ ಹಾಕಿದಳು.

ಮೂರು ಗಂಟೆಗೆ ಅವರು ನಗುತ್ತ ಬಂದರು. ಮಗನೂ ಕೆಲಸದ ನಡುವೆ ಊಟಕ್ಕೆಂದು ಬಂದವನು ಜೊತೆಗಿದ್ದ. "ನಾಳೆ ಗಾಡಿ ಕಳಿಸ್ತಾರಂತೆ ಅತ್ತೆ!" ಅನ್ನುತ್ತ ಸೊಸೆ ಒಳಗೆ ಕಾಲಿಟ್ಟಳು. ಆಮೇಲೆ ಮೂವರೂ ಮೇಜಿನ ಮುಂದೆ ನಿಂತರು.

"ಇಲಿ ಇರಬೇಕು" ಅಂದ ಮಗ.

"ಇಲಿ ಕತ್ತರಿ ಇಟ್ಟುಕೊಂಡಿರಲ್ಲ" ಅಂದ ಸೇನಾಪತಿ. ಅವನು ಕಾಲಿಲ್ಲದ ಕುದುರೆಯನ್ನು ಅಂಗೈಯಲ್ಲಿಟ್ಟುಕೊಂಡಿದ್ದ. "ಯಾಕೆ ಮಾಡಿದೆ?"

ಕಾಜಮ್ಮ ಅಂಗಿಯಿಂದ ತಲೆ ಎತ್ತಿದಳು. "ಚೀಟಿಯಲ್ಲಿ ನನ್ನ ಹೆಸರೆಲ್ಲಿದೆ?"

"ಯಾವ ಚೀಟಿ? ಅದಿನ್ನೂ ಒತ್ತಿಲ್ಲ. ಉಲ್ಟಾ ಇದೆ."

"ಉಲ್ಟಾ ಓದೋಕೆ ನಂಗೆ ಬರಲ್ಲ ಅಂದ್ಕೊಂಡ್ರಾ? ನೀವು ಉಲ್ಟಾ ಇಟ್ಟದ್ದೇ ಅಲ್ಲವಾ ನಾನು ಇಷ್ಟು ವರ್ಷ ಓದಿದ್ದು? ಗಂಡ ಒಂದು ಸಾಲು, ಸೊಸೆ ಒಂದು ಸಾಲು. ಇಪ್ಪತ್ತಾರು ಕುದುರೆಗೆ ತಲೆ ಬೋಳಿಸಿ ಕೊಟ್ಟೋಳು ಎಲ್ಲಿ?"

"ಕೂದಲು ಕೊಟ್ಟೋರ ಹೆಸರು ಯಾರಾದ್ರೂ ಹಾಕ್ತಾರೇನೆ? ಹಾಗಾದ್ರೆ ಗಾರೆ ಮಾರಿದವನದೂ ಹಾಕಬೇಕು."

"ಹಾಕಿ. ಅವನ ಜೊತೆಗಾದ್ರೂ ಹಾಕಿ. ಈಗ ಹದಿನಾಲ್ಕಕ್ಕೆ ಅವಳ ಕೂದಲು ಬೇರೆ. ನನ್ನದು ಬೂದಿ ಆಯ್ತು, ಅವಳದು ಬಂತು. ನಾಳೆ ಚಹಾನೂ ಅವಳೇ ಮಾಡಲಿ, ಹಾಸಿಗೆನೂ..."

"ಅಮ್ಮಾ!" ಮಗ ಕಿರುಚಿದ.

ಸೊಸೆ ಕಸದ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಕತ್ತರಿಸಿದ ಬಾಲಗಳನ್ನು ಒಂದೊಂದಾಗಿ ಎತ್ತಿ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದಳು.

"ಅತ್ತೆ, ಇದು ನನ್ನ ಕೂದಲಲ್ಲ."

"ಮತ್ಯಾರದು?"

"ನಿಮ್ಮದೇ. ನನ್ನದು ನಡೀಲಿಲ್ಲ. ಗುಂಗುರು. ಎಷ್ಟು ಅಂಟು ಹಾಕಿದ್ರೂ ಒಣಗಿದ ಮೇಲೆ ಹಂದಿ ಬಾಲದ ಹಾಗೆ ಸುತ್ತಿಕೊಳ್ತಿತ್ತು. ಹಳೇ ಬಾಲಗಳು ಒಂದೊಂದೂ ಪೊದೆ ಹಾಗಿದ್ವು. ಒಂದೊಂದರಿಂದ ಸ್ವಲ್ಪ ಸ್ವಲ್ಪ ಬಿಡಿಸಿ ಈ ಹದಿನಾಲ್ಕಕ್ಕೆ ಹಾಕಿದೆ. ಒಂದು ವಾರ ಹಿಡೀತು." ಅವಳು ಅಂಗೈ ಮುಂದೆ ಚಾಚಿದಳು. "ನೋಡಿ. ನೇರ ಇದೆ."

ಕಾಜಮ್ಮ ನೋಡಿದಳು. ಇಪ್ಪತ್ತು ವರ್ಷದ ಹೆಣ್ಣಿನ ಕೂದಲು. ಅವಳದೇ.

"ನನಗೆ ಯಾಕೆ ಹೇಳಲಿಲ್ಲ?" ಎಂದು ಗಂಡನನ್ನು ಕೇಳಿದಳು.

"ಹೇಳೋದೇನಿದೆ ಅದರಲ್ಲಿ?" ಅಂದ ಸೇನಾಪತಿ. ಹೇಳಬೇಕಿತ್ತು ಅನ್ನುವುದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮರುದಿನ ಗಾಡಿ ಬಂತು, ಖಾಲಿ ಹೋಯಿತು. ಸೊಸೆ ಆ ಸಂಜೆಯೇ ಕುರ್ಚಿಯನ್ನು ಊಟದ ಮೇಜಿಗೆ ತಂದು ಅಡುಗೆಮನೆಯ ಬಾಗಿಲ ಕಡೆಗೆ ಅದರ ಜಾಗದಲ್ಲೇ ಇಟ್ಟಳು. "ತಗೊಳ್ಳಿ ಅತ್ತೆ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಲ್ಯಾಬಿನಿಂದ ತಂದ ಚಾಕು, ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅಂದಿನಿಂದ ಐದೂವರೆಗೆ ಬರುವವಳು ಏಳಕ್ಕೆ ಬರತೊಡಗಿದಳು. ಬಂದವಳು ಪಾತ್ರೆ ಎಲ್ಲ ತಾನೇ ಉಜ್ಜುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು.

ಊಟದ ಮೇಜಿನಲ್ಲಿ ಒಂದು ದಿನ ಕಾಜಮ್ಮನೇ ಬಟಾಣಿಯ ಬಟ್ಟಲು ಮುಂದೆ ಮಾಡಿ, "ಹಾಕ್ಕೊ. ಸೊರಗಿದೀಯಾ" ಅಂದಳು.

"ಸಾಕು ಅತ್ತೆ."

"ನಾನು ಹಾಗೆ ಮಾತಾಡಬಾರದಿತ್ತು ಅವತ್ತು. ಹಾಸಿಗೆ ಗೀಸಿಗೆ ಅಂತ."

"ಹೌದು ಅತ್ತೆ. ಆಡಬಾರದಿತ್ತು."

ಅಷ್ಟಕ್ಕೆ ಅದು ಮುಗಿಯಿತು. ಮೂರು ವಾರದ ಮೇಲೆ ಮಗ ಲ್ಯಾಬಿನ ಹತ್ತಿರ ಒಂದು ಕೋಣೆ ನೋಡಿದ್ದೇನೆ ಅಂದ.

"ಯಾಕೋ? ಇಲ್ಲೇನು ಜಾಗ ಇಲ್ವಾ?"

"ಜಾಗ ಇದೆ ಅಮ್ಮ."

"ಅವಳು ಹೇಳಿದ್ಲಾ?"

"ಅವಳು ಏನೂ ಹೇಳಲ್ಲ. ಅದಕ್ಕೇ." ಅವನು ಉಪಕರಣದ ಪೆಟ್ಟಿಗೆಯ ಕೊಂಡಿ ಹಾಕಿ ತೆಗೆದು ಮಾಡುತ್ತಿದ್ದ. "ನೀನು ಅವಳನ್ನ ಅಪ್ಪನ ಜೊತೆ ಸೇರಿಸಿ ಆಡಿದ ಮಾತು ನಾನೂ ಕೇಳಿದೀನಿ. ಮಗ ನಾನು, ಮರೀತೀನಿ. ಅವಳು ಯಾಕೆ ಮರೀಬೇಕು?"

ಭಾನುವಾರ ಅವರು ಹೋದರು. ಒಂದೇ ಗಾಡಿಗೆ ಎಲ್ಲ ಸಾಮಾನೂ ಹಿಡಿಯಿತು. ಸೊಸೆ ಇಬ್ಬರಿಗೂ ಹೇಳಿ ಹೊರಟಳು. ಮೇಜಿನ ಕಡೆ ನೋಡಲಿಲ್ಲ.

ಅವತ್ತು ಸಂಜೆ ಕಾಜಮ್ಮ ಚಹಾ ತಂದು ಮೇಜಿನ ಅಂಚಿನಲ್ಲಿಟ್ಟಳು. ಸೇನಾಪತಿ ಮುರಿದ ಕಾಲೊಂದನ್ನು ಅಂಟಿಸಲು ಹೆಣಗುತ್ತಿದ್ದ. ಚಿಮಟದ ತುದಿ ಕುದುರೆಯ ಹೊಟ್ಟೆಗೆ ಟಕಟಕ ಬಡಿಯುತ್ತಿತ್ತು. ಅವನು ಚಿಮಟ ಕೆಳಗಿಟ್ಟ.

"ಒಂದು ಕುರ್ಚಿ ಎಳ್ಕೊಂಡು ಬಾ."

ಅವಳು ನಿಂತೇ ಇದ್ದಳು.

"ಕೇಳಿಸಲಿಲ್ವಾ? ಕುರ್ಚಿ ತಗೊಂಡು ಬಾ. ಇದನ್ನ ಹಿಡ್ಕೋಬೇಕು ಯಾರಾದ್ರೂ."

ಅವಳು ಅಡುಗೆಮನೆಯ ಬಾಗಿಲ ಬಳಿಯ ಕುರ್ಚಿ ತಂದು ಹಾಕಿ ಕೂತಳು. ಕೂತಾಗ ಮೇಜು ಬೇರೆ ಥರ ಕಾಣುತ್ತಿತ್ತು. ಸವಾರರ ಮುಖ ನೇರ ಕಣ್ಣಿಗೆ ಬರುತ್ತಿತ್ತು. ಆದರೆ ಮುಖಗಳು ಅವಳಿಗೆ ಮಸುಕು. ಅವನು ಕುದುರೆ ಕೊಟ್ಟ, ಅವಳು ಹಿಡಿದಳು. ಅವನು ಕಾಲು ತಂದ, ಮುರಿದ ಜಾಗದ ಬಳಿ ಬಂದು ನಡುಗಿ ಜಾರಿಸಿದ. ಕೆಲಸ ಅದಲುಬದಲು ಮಾಡಿದರು. ಅವಳು ಚಿಮಟ ಹಿಡಿದಳು, ಕೈ ಅಲುಗಲಿಲ್ಲ, ಎಲ್ಲಿ ಇಡಬೇಕೆಂದು ಕಾಣಲಿಲ್ಲ. "ಎಡಕ್ಕೆ" ಅಂದ ಅವನು. "ಎಡಕ್ಕೇ ಹೋಗಿದೀನಿ" ಅಂದಳು. "ನನ್ನ ಎಡಕ್ಕೆ ಕಣೇ." ಅಂಟು ಒಣಗಿ ಹೋಯಿತು. ಮೂರು ಸಲ ಹೀಗೇ ಆಯಿತು.

ಅವನು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. ಒತ್ತದೇ ಉಳಿದ ಚೀಟಿಗೆಂದು ಕತ್ತರಿಸಿಟ್ಟಿದ್ದ ದಪ್ಪ ಕಾಗದವನ್ನು ಅವಳ ಮುಂದೆ ತಳ್ಳಿ ಪೆನ್ಸಿಲ್ ಕೊಟ್ಟ.

"ಬರ್ಕೋ. ಹೋದದ್ದರ ಲೆಕ್ಕ."

ಅವನು ಹಲಗೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ನೋಡಿ ಹೇಳಿದ. ಅವಳು ದಪ್ಪ ಅಕ್ಷರದಲ್ಲಿ ಬರೆದಳು.

ಬಾಲ, ಹದಿನಾಲ್ಕು.

ಮುಂಗಾಲು, ಐದು. ಹಿಂಗಾಲು, ನಾಲ್ಕು.

ಕತ್ತಿ, ಎರಡು.

ಷರಾಯಿ ಕೆಟ್ಟ ಸವಾರರು, ಮೂವರು.

ಸೇತುವೆಯ ಕಟಕಟೆ, ಒಂದು ಗೇಣು.

"ಅಷ್ಟೇ" ಅಂದ ಸೇನಾಪತಿ.

ಕಾಜಮ್ಮ ಇನ್ನೊಂದು ಸಾಲು ಬರೆದಳು.

ಜನ, ಇಬ್ಬರು.